ನಾಲಿಗೆಗೆ ಇಡದ ಸಾರು

ಜನವರಿ ೩, ಶುಕ್ರವಾರ

ಇದು ಇವರ ಹಳೆಯ ಪುಸ್ತಕ. ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಿಂದ ಮನೆಗೆ ಬಂದದ್ದು. ಪ್ರತಿ ಪುಟಕ್ಕೂ ಆರು ಅಂಕಣ ಹಾಕಿದೆ. ಮೊದಲ ಹತ್ತು ಪುಟಗಳಲ್ಲಿ ಕಬ್ಬಿನ ರಸದ ಲೆಕ್ಕ, ಇವರ ಗುಂಡು ಗುಂಡಾದ ಅಕ್ಷರ. ಹನ್ನೊಂದನೆಯ ಪುಟದಿಂದ ನನ್ನದು. ಯಾರಿಗೂ ತೋರಿಸುವುದಕ್ಕಲ್ಲ. ಗಂಟಲಿಗೆ ವಿಕಿರಣ ಚಿಕಿತ್ಸೆ ಆದ ಮೇಲೆ ಇವರ ದನಿ ಉಸಿರಿನಷ್ಟೇ ಬರುತ್ತದೆ, ಅತ್ತೆ ಸದಾ ಜಪಮಣಿ ಹಿಡಿದಿರುತ್ತಾರೆ. ಮಾತಾಡುವ ಚಟ ನನಗೆ ತಪ್ಪಿ ವರ್ಷವಾಯಿತು. ಬರೆದಾದರೂ ನೋಡೋಣ.

ಇವತ್ತು ವಿಜಯಪುರದ ಡಾಕ್ಟರ ಹತ್ತಿರ ಹೋಗಿ ಬಂದೆವು. ಗಂಟಲು ವಾಸಿಯಾಗಿದೆ, ಗಡ್ಡೆ ಇಲ್ಲ. ಆದರೆ ತೂಕ ನಲವತ್ತೇಳು. ಫೆಬ್ರುವರಿ ಕೊನೆಗೆ ಐವತ್ತು ಆಗದಿದ್ದರೆ ಮತ್ತೆ ಹೊಟ್ಟೆಗೆ ನಳಿಕೆ ಹಾಕಲೇಬೇಕು ಎಂದರು. ಆ ನಳಿಕೆ ತೆಗೆದದ್ದು ಮೊನ್ನೆ ಮೊನ್ನೆ, ಸೀಗೆ ಹುಣ್ಣಿಮೆಯ ಹೊತ್ತಿಗೆ.

ನುಂಗಲು ಬರುವುದಿಲ್ಲವೆಂದಲ್ಲ. ನಾಲಿಗೆಗೆ ರುಚಿ ಹೋಗಿದೆ. ಅನ್ನ ಹತ್ತಿಯಂತೆ, ಹಾಲು ಸುಣ್ಣದ ನೀರಂತೆ. ಕಬ್ಬಿನ ರಸದ ಒಂದು ಹನಿ ನಾಲಿಗೆಗೆ ಮುಟ್ಟಿಸಿ ಸಕ್ಕರೆ ಎಷ್ಟಿದೆ ಎಂದು ಯಂತ್ರಕ್ಕಿಂತ ಮೊದಲು ಹೇಳುತ್ತಿದ್ದ ಮನುಷ್ಯ ಇವರು. ನಾಲ್ಕು ತುತ್ತಿಗೆ ತಟ್ಟೆ ಸರಿಸುತ್ತಾರೆ.

ಬಸ್ಸಿನಲ್ಲಿ ಮನಗೂಳಿ ದಾಟಿದ ಮೇಲೆ ಒಂದೇ ಮಾತು ಆಡಿದರು. "ಇನ್ನೊಮ್ಮೆ ಆ ಪೈಪ್ ಬ್ಯಾಡ, ವರದಾ."

ನಾನು ಆಯಿತು ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ ಗೊತ್ತಿಲ್ಲ.

ಜನವರಿ ೭, ಮಂಗಳವಾರ

"ಏನು ಮಾಡಿದ್ರ ಉಣ್ತೀರಿ? ಏನಾದ್ರೂ ಒಂದು ಹೇಳ್ರಿ," ಎಂದು ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಅಲ್ಲಿಯ ಸಾರು."

ಅಲ್ಲಿ ಅಂದರೆ ಥಾಯ್ಲೆಂಡು. ಹದಿನಾಲ್ಕು ವರ್ಷದ ಹಿಂದೆ ಅಲ್ಲಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎರಡು ವರ್ಷ ಇದ್ದರು. ಇವರು ಮೀನು ಮುಟ್ಟುವುದಿಲ್ಲವೆಂದು ಕೆಳಗಿನ ಮನೆಯ ಯಜಮಾನಿ ಬೇರೆ ಪಾತ್ರೆಯಲ್ಲಿ ಬೇರೆ ಸಾರು ಮಾಡಿ ಮಹಡಿಗೆ ಕಳಿಸುತ್ತಿದ್ದಳಂತೆ. ತೆಂಗಿನ ಹಾಲಿನದು, ಬೆಳ್ಳಗೆ, ತೆಳ್ಳಗೆ.

"ಹುಲ್ಲು ಒಂದು, ಲಿಂಬಿ ವಾಸನಿದು. ಬೇರು ಒಂದು. ನೋಡ್ಲಿಕ್ಕೆ ಶುಂಠಿ, ಆದ್ರ ಶುಂಠಿ ಅಲ್ಲ. ಎಲಿ ಒಂದು, ಎಲಿ ತುದಿಗೆ ಇನ್ನೊಂದು ಎಲಿ ಅಂಟಿಸಿದಂಗ ಇರ್ತದ." ಇಷ್ಟು ಹೇಳಿ ಸುಸ್ತಾದರು. ವರ್ಷದಲ್ಲಿ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು.

ಹುಲ್ಲು, ಬೇರು, ಎಲೆ. ಪುಸ್ತಕದ ಮೂರು ಅಂಕಣಗಳಿಗೆ ಹೆಸರು ಬರೆದೆ. ಮೂರು ಖಾಲಿ ಉಳಿದವು.

ಜನವರಿ ೯, ಗುರುವಾರ

ಮುದ್ದೇಬಿಹಾಳದ ಕಾಯಿಪಲ್ಲೆ ಮಾರುಕಟ್ಟೆಯನ್ನು ಈ ತುದಿಯಿಂದ ಆ ತುದಿವರೆಗೆ ಸುತ್ತಿದೆ. ಲಿಂಬೆ ವಾಸನೆಯ ಹುಲ್ಲು ಕೇಳಿದರೆ ಕೊತ್ತಂಬರಿ ಮಾರುವವಳು ಸೊಂಟದ ಮೇಲೆ ಕೈಯಿಟ್ಟಳು. "ಹುಲ್ಲು ಬೇಕಂದ್ರ ದನದ ಸಂತಿಗೆ ಹೋಗ್ರಿ ಬಾಯಾರ." ಪಕ್ಕದವರೆಲ್ಲ ನಕ್ಕರು. ಹೊಸದಾಗಿ ಆದ ಮಾರ್ಟಿಗೆ ಹೋದೆ. ಅಲ್ಲಿ ಎ.ಸಿ. ಇತ್ತು, ನೂಡಲ್ಸು ಮೂವತ್ತು ಬಗೆ ಇತ್ತು, ಸೋಯಾ ಸಾಸು ಇತ್ತು. ಹುಲ್ಲು ಇಲ್ಲ.

ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದರೆ ಅತ್ತೆ ಚಹ ಕುಡಿಯುತ್ತ ಕೂತಿದ್ದರು. ನೆಗಡಿ ಆದಾಗ ಅವರದು ಬೇರೆಯೇ ಚಹ. ಲೋಟದಿಂದ ಲಿಂಬೆಯ ಘಮ ಬಂತು.

"ಅತ್ಯಾ, ಇದಕ್ಕೇನು ಹಾಕೀರಿ?"

"ಗವತಿ ಚಹಾ. ಬಚ್ಚಲ ಹಿಂದ ಹುಲ್ಲು ಬೆಳದದ ಅಲ್ಲ, ಅದು."

ಇಪ್ಪತ್ತು ವರ್ಷದಿಂದ ಆ ಪೊದೆಯ ಪಕ್ಕದಲ್ಲಿ ಬಟ್ಟೆ ಒಣಗಿಸುತ್ತಿದ್ದೇನೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂದರೆ ಇದೇ. ಒಂದು ಗರಿ ಕಿತ್ತು ತಿಕ್ಕಿ ಇವರ ಮೂಗಿನ ಹತ್ತಿರ ಹಿಡಿದೆ. ಕಣ್ಣು ತೆರೆದು ನನ್ನನ್ನೇ ನೋಡಿದರು. ವಾಸನೆ ಹತ್ತಿತೋ ಇಲ್ಲವೋ ಕೇಳಲಿಲ್ಲ. ಮಾರುಕಟ್ಟೆಯ ಕಥೆ, ದನದ ಸಂತೆಯ ಮಾತು ಎಲ್ಲ ಹೇಳಿದೆ. ತುಟಿಯ ಒಂದು ಮೂಲೆ ಮೇಲೆ ಹೋಯಿತು.

ಜನವರಿ ೧೪, ಸಂಕ್ರಾಂತಿ

ಕುಸುರೆಳ್ಳು ಬಾಯಿಗೆ ಹಾಕಿಕೊಂಡು ಉಗುಳಿದರು. "ಉಸುಕು," ಎಂದರು.

ಮಗಳು ಸಂಪದಾ ಸೊಲ್ಲಾಪುರದಿಂದ ಆನ್‌ಲೈನ್‌ನಲ್ಲಿ ತರಿಸಿ ಒಂದು ಡಬ್ಬಿ ಕಳಿಸಿದ್ದಾಳೆ. ಥಾಯ್ ಸಾರಿನ ಸಿದ್ಧ ಮಸಾಲೆ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ನಾಲ್ಕನೆಯ ಸಾಲಿನಲ್ಲಿ ಒಣ ಸಿಗಡಿ ಇತ್ತು. ಡಬ್ಬಿ ಹಿತ್ತಲ ಕಟ್ಟೆಗೆ ಹೋಯಿತು. ಎಲೆ, ಬೇರು ಒಣಗಿಸಿದ್ದೂ ಸಿಗುತ್ತದಂತೆ, ಎರಡು ದಿನದಲ್ಲಿ ಮನೆಗೇ ಬರುತ್ತದಂತೆ. ಇವರು ಕೈ ಆಡಿಸಿದರು.

"ಪ್ಯಾಕೀಟ ಬ್ಯಾಡ. ಸುತ್ತಮುತ್ತ ಎಲ್ಲಿಯಾದ್ರೂ ಸಿಗ್ತದ. ನೀನ ಹುಡುಕು."

ನಾನೇ ಹುಡುಕಬೇಕಂತೆ. ಸೊಂಟ ನೋವು ನನ್ನದು, ಹಟ ಇವರದು.

ಜನವರಿ ೧೮, ಶನಿವಾರ

ಸಿಂದಗಿಗೆ ಹೋಗಿ ಬಂದೆ. ಒಬ್ಬಳೇ.

ನಮ್ಮ ಓಣಿಯ ಕಿರಾಣಿ ಅಂಗಡಿ ಬಸಂತರಾಯರದು. ಇವರ ತೂಕ ನೋಡುವುದೂ ಅಲ್ಲಿಯೇ, ಜೋಳದ ಚೀಲ ತೂಗುವ ಕಾಟಾದ ಮೇಲೆ. ಶುಂಠಿಯಲ್ಲದ ಶುಂಠಿ ಎಂದಾಗ ಬಸಂತರಾಯರು ಹೇಳಿದರು, "ಅದು ದವಾ ಸಾಮಾನು ಇರಬೇಕ್ರಿ ಅಕ್ಕಾರ. ಸಿಂದಗ್ಯಾಗ ಬಂದಗಿಸಾಬ ಅಂತ ಅದಾರ, ಗಿಡಮೂಲಿಕೆ ಅಂಗಡಿ ಐತಿ. ಅಲ್ಲಿ ಇಲ್ಲಂದ್ರ ಎಲ್ಲೂ ಇಲ್ಲ."

ಮದುವೆಯಾದ ಮೂವತ್ತು ವರ್ಷದಲ್ಲಿ ಬಸ್ಸಿನ ಕಿಟಕಿ ನನ್ನದು, ಟಿಕೆಟ್ಟು ಇವರ ಜೇಬಿನಲ್ಲಿ. ಇವತ್ತು ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿದೆ, ಬಿಟ್ಟಿ ಟಿಕೆಟ್ ಹರಿದುಕೊಟ್ಟ. ಅದನ್ನು ತಾಳಿಕೋಟೆವರೆಗೆ ಮುಷ್ಟಿಯಲ್ಲೇ ಹಿಡಿದಿದ್ದೆ. ಅಲ್ಲಿಂದ ಮುಂದೆ ಎರಡೂ ಕಡೆ ಬಿಳಿಜೋಳ. ಮಂಜು ಇನ್ನೂ ಬಿಟ್ಟಿರಲಿಲ್ಲ. ತೆನೆಗಳು ತಲೆಯಷ್ಟೇ ತೋರಿಸುತ್ತಿದ್ದವು, ಬುಡ ಎಲ್ಲಿದೆಯೋ ಕಾಣದು. ನಡುವೆ ನಡುವೆ ಕುಸುಬೆಯ ಹಳದಿ. ಬಸ್ಸು ನೆಲ ಮುಟ್ಟದೆ ಹೋಗುತ್ತಿದೆ ಅನ್ನಿಸಿತು. ಇಳಿಯುವುದು ಮರೆತೇಬಿಡುತ್ತಿದ್ದೆ.

ಬಂದಗಿಸಾಬರ ಅಂಗಡಿ ಒಂದು ಉದ್ದನೆಯ ಕತ್ತಲ ಕೋಣೆ. ಗೋಡೆಯ ತುಂಬ ಸಣ್ಣ ಸಣ್ಣ ಖಾನೆಗಳು. ಎಂಬತ್ತರ ಹತ್ತಿರದ ಅಜ್ಜ ಅವರು, ಬಿಳಿ ಟೊಪ್ಪಿಗೆ. ನಾನು ಹೇಳಿ ಮುಗಿಸುವ ಮೊದಲೇ ಎದ್ದು ಹೋಗಿ ಒಂದು ಖಾನೆಯಿಂದ ಕೆಂಪಗಿನ ಗಂಟು ಗಂಟು ಬೇರು ತಂದರು. ಕಲ್ಲಿನಷ್ಟು ಗಟ್ಟಿ.

"ಕುಲಂಜನ್. ಹಾಡೋ ಮಂದಿ ಬಾಯಾಗ ಇಟ್ಕೋತಾರ್ರಿ. ದನಿ ತಿಳಿ ಆಗತೈತಿ. ಯಾರಿಗೆ ಬೇಕಾಗೇತಿ?"

"ನಮ್ಮ ಮನೆಯವರಿಗ್ರಿ. ಸಾರು ಮಾಡ್ಲಿಕ್ಕೆ."

ಅಜ್ಜ ನನ್ನ ಮುಖ ನೋಡಿದರು. "ಐವತ್ತು ವರ್ಷ ಕುಂತೇನಿ ಇಲ್ಲಿ. ಇದನ್ನ ಸಾರಿಗೆ ಒಯ್ದೋರು ನೀವ ಮೊದಲ್ನೇದವರು." ಕಾಗದದಲ್ಲಿ ಕಟ್ಟಿಕೊಟ್ಟು, ಎಲೆಯ ವಿಷಯವನ್ನೂ ಅವರೇ ಹೇಳಿದರು. "ಲಿಂಬಿ ಎಲಿಗೆ ಇಂಡಿ ಬಿಟ್ಟು ಎಲ್ಲಿ ಹೋಗ್ತೀರಿ? ಅಲ್ಲಿ ಸುವರ್ಣಾ ಅಂತ ಅದಾಳ, ಲಿಂಬಿ ಸಸಿ ಮಾಡಿ ಮಾರ್ತಾಳ. ನನ್ನ ಹೆಸರು ಹೇಳ್ರಿ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ, ಮಂಜು, ಖಾನೆಗಳು, ಅಜ್ಜನ ಟೊಪ್ಪಿಗೆ. ಇವರು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೆಂದು ನಿಲ್ಲಿಸಿದರೆ, "ಆಮ್ಯಾಲ?" ಎಂದರು.

ಜನವರಿ ೧೯, ಭಾನುವಾರ

ಎಲೆ ಇಲ್ಲದೆಯೇ ಮೊದಲ ಸಲ ಸಾರು ಮಾಡಿದೆ. ಬೇರನ್ನು ಕುಟ್ಟಿ ಅರ್ಧ ತಾಸು ಕುದಿಸಿದೆ, ಗವತಿ ಚಹಾದ ಗರಿ ಗಂಟು ಹಾಕಿ ಬಿಟ್ಟೆ, ಕಾಯಿ ಹಿಂಡಿ ಹಾಲು ತೆಗೆದೆ. ಒಂದು ಬಟ್ಟಲು ಆಯಿತು.

ಅತ್ತೆ ಎಲ್ಲವನ್ನೂ ನೋಡುತ್ತಲೇ ಇದ್ದರು. "ಯಾವ ದೇಶದ್ದರ ಇರಲಿ, ಮೊದಲ ದೇವರ ಮುಂದ," ಎಂದು ಬಟ್ಟಲಿಗೆ ತುಳಸಿ ದಳ ಹಾಕಿ ವಿಠ್ಠಲನ ಮುಂದೆ ಇಟ್ಟರು. ನಮ್ಮಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಇಟ್ಟರೆ ಎಂಜಲು. ಮದುವೆಯಾಗಿ ಬಂದ ದಿನ ಅತ್ತೆ ಹೇಳಿಕೊಟ್ಟದ್ದು: ಉಪ್ಪು ಕೈಗೆ ಗೊತ್ತಿರಬೇಕು, ಹುಳಿ ಮೂಗಿಗೆ ಗೊತ್ತಿರಬೇಕು. ಇಷ್ಟು ವರ್ಷದಲ್ಲಿ ನನ್ನ ಕೈ ಒಮ್ಮೆಯೂ ತಪ್ಪಿಲ್ಲ. ಇದೊಂದು ಹೆಮ್ಮೆ ನನಗಿದೆ, ಇರಲಿ.

ಇವರು ಪೂರ್ತಿ ಕುಡಿದರು. ತಳದಲ್ಲಿ ಒಂದು ಹನಿ ಉಳಿಯಲಿಲ್ಲ.

"ಹೆಂಗ ಅದ?"

"ಹತ್ತಿರ ಬಂದದ. ಎಲಿ ಬೇಕು."

ಜನವರಿ ೨೭, ಸೋಮವಾರ

ಇಂಡಿ. ಸಿಂದಗಿಯಲ್ಲಿ ಬಸ್ಸು ಬದಲಿಸಿ ಹೋದೆ. ಅತ್ತೆಗೆ ಅಡುಗೆ ವಹಿಸಿ ಹೊರಟಾಗ ಕತ್ತಲು ಹರಿದಿರಲಿಲ್ಲ.

ಸುವರ್ಣಾ ನಲವತ್ತರ ಹೆಂಗಸು, ತಲೆಗೆ ಟವೆಲ್ಲು ಸುತ್ತಿಕೊಂಡು ಸಸಿಗಳಿಗೆ ನೀರು ಬಿಡುತ್ತಿದ್ದಳು. "ಹಣ್ಣು ಕೇಳೋರನ್ನ ನೋಡೇನಿ, ಸಸಿ ಕೇಳೋರನ್ನ ನೋಡೇನಿ. ಎಲಿ ಕೇಳೋರನ್ನ ಇವತ್ತ ನೋಡಿದೆ ನೋಡ್ರಿ." ಇಡೀ ತೋಟ ಸುತ್ತಿಸಿದಳು. ಸಾಲು ಸಾಲು ಲಿಂಬೆ, ಕೆಳಗೆ ಉದುರಿದ ಹಣ್ಣು, ಗಾಳಿ ಬಂದಾಗೊಮ್ಮೆ ಹೂವಿನ ವಾಸನೆ. ನಾನು ಎಲೆ ಕಿತ್ತು ಮೂಸಿ, ಕಿತ್ತು ಮೂಸಿ, ಕೊನೆಗೆ ಯಾವ ಗಿಡದ ಹತ್ತಿರ ಇದ್ದೇನೆಂದೇ ತಿಳಿಯದಾಯಿತು. ಯಾವ ಎಲೆಯೂ ಇವರು ಹೇಳಿದ ಹಾಗೆ ಜೋಡಿ ಇರಲಿಲ್ಲ.

ಬಾವಿಯ ಹತ್ತಿರ ಒಂದು ಹಳೆಯ ಗಿಡ. ಅದರ ಎಲೆಗೆ ಬುಡದಲ್ಲಿ ಇನ್ನೊಂದು ಪುಟ್ಟ ಎಲೆ ಅಂಟಿಕೊಂಡಿತ್ತು.

"ಇದು ಯಾವ್ದು?"

"ಇದರ ಹಣ್ಣು ಕಹಿ ಬಿಡ್ರಿ, ದನಾನೂ ಮೂಸಂಗಿಲ್ಲ. ಇದರ ಸಸಿ ಮ್ಯಾಲ ಒಳ್ಳೆ ಲಿಂಬಿ ಕಸಿ ಕಟ್ತೇವಿ, ಅದಕ್ಕ ಇಟ್ಟೇವಿ."

ಒಂದು ಚೀಲ ಎಲೆ ಕಿತ್ತುಕೊಟ್ಟಳು. ಏನೂ ತೆಗೆದುಕೊಳ್ಳಲಿಲ್ಲ. ಬದಲಿಗೆ, ಸಾರು ಹೆಂಗಾತು ಬಂದು ಹೇಳ್ರಿ ಎಂದಳು. ಅವಳ ಮನೆಯಲ್ಲಿ ರೊಟ್ಟಿ, ಮೆಣಸಿನಕಾಯಿ ಹಿಂಡಿ, ಮೊಸರು ಉಂಡೆ. ಉಳ್ಳಾಗಡ್ಡಿ ಇಲ್ಲದ್ದು ಹುಡುಕಿ ಹಾಕಿದಳು. ನಾನು ಬೇರೆಯವರ ಮನೆಯಲ್ಲಿ ಉಂಡದ್ದನ್ನು ಅತ್ತೆಗೆ ಹೇಳಿಲ್ಲ. ಇವರಿಗೆ ಹೇಳಿದೆ.

ಜನವರಿ ೩೧, ಶುಕ್ರವಾರ

ಎಲೆ ಹಾಕಿದ ಸಾರು ನಾಲ್ಕು ದಿನದಿಂದ ನಡೆದಿದೆ. ಬೇರಿನ ಜೊತೆಗೇ ಹತ್ತು ಎಲೆ ಹಾಕಿ ಚೆನ್ನಾಗಿ ಕುದಿಸುತ್ತೇನೆ, ಸತ್ವ ಇಳಿಯಬೇಕಲ್ಲ. ವಾಸನೆಗೆ ಇಡೀ ಓಣಿ ಮೂಗು ಎತ್ತುತ್ತದೆ. ಇವರು ಮೊದಲ ದಿನ ಒಂದು ಗುಟುಕು ಕುಡಿದು ಬಟ್ಟಲಿನೊಳಗೆ ನೋಡಿದರು. ಆಮೇಲೆ, "ಇದಽ," ಎಂದರು. ಇದೇ. ನನಗೆ ಕಣ್ಣು ತುಂಬಿ ಬಂತು, ಒಲೆಯ ಕಡೆ ತಿರುಗಿಕೊಂಡೆ.

ಕುಡಿದ ಮೇಲೆ ಬೆಲ್ಲದ ಚೂರು ಕೇಳುವುದೊಂದು ಹೊಸ ರೂಢಿ. ರುಚಿ ಗೊತ್ತಾಗದವರಿಗೆ ಬೆಲ್ಲ ಯಾಕೋ. ನಿನ್ನೆ ಅತ್ತೆಗೆ, "ಆಯಿ, ಇದು ಬ್ಯಾರೆ ಬೆಲ್ಲ, ಹೋದ ಸಲದ್ದಲ್ಲ," ಎಂದರಂತೆ. ಬಣ್ಣ ನೋಡಿ ಹೇಳಿರಬೇಕು, ಎಷ್ಟಾದರೂ ಸಕ್ಕರೆಯವರು.

ಕಾಟಾದ ಮೇಲೆ ನಲವತ್ತೆಂಟೂ ಮುಕ್ಕಾಲು. ಬಸಂತರಾಯರು ಎರಡು ಸಲ ಇಳಿಸಿ ಹತ್ತಿಸಿ ನೋಡಿದರು.

ಫೆಬ್ರುವರಿ ೩, ಸೋಮವಾರ

ಒಂದು ಕನಸು. ಕಂಡಕ್ಟರ್ ಇಲ್ಲದ ಬಸ್ಸು ಲಿಂಬೆಯ ತೋಟದೊಳಗೆ ಹೋಗುತ್ತಿದೆ. ಕೊನೆಯ ನಿಲ್ದಾಣ ಒಂದು ಅಡುಗೆಮನೆ. ಆ ಥಾಯ್ಲೆಂಡಿನ ಯಜಮಾನಿ ಬೆನ್ನು ತಿರುಗಿಸಿ ನಿಂತಿದ್ದಾಳೆ. ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು. ಬೇಡ, ಇನ್ನೂ ನೈವೇದ್ಯ ಆಗಿಲ್ಲ ಎಂದು ನಾನು ಕೂಗಿದೆ. ತಿರುಗಿದರೆ ಅತ್ತೆಯ ಮುಖ. ನಕ್ಕರು. ನನ್ನ ಕಡೆ ಸೌಟು ಚಾಚಿದರು.

ಎದ್ದ ಮೇಲೆಯೂ ಕೈಗೆ ಎಲೆಯ ವಾಸನೆ ಇತ್ತು.

ಫೆಬ್ರುವರಿ ೭, ಶುಕ್ರವಾರ

ಇವರಿಗೆ ನೆಗಡಿ, ಕೆಮ್ಮು. ನಾನು ಎಲ್ಲಿಯೂ ಹೋಗುವುದಿಲ್ಲ.

ಫೆಬ್ರುವರಿ ೧೦

ಅರ್ಧ ಬಟ್ಟಲು.

ಫೆಬ್ರುವರಿ ೧೩

ನಲವತ್ತೆಂಟು. ಸಾರು ಹಾಗೆಯೇ ಉಳಿಸಿದರು. ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಮಾತಿಲ್ಲ.

ಫೆಬ್ರುವರಿ ೧೫, ಶನಿವಾರ

ನೆಗಡಿ ಹೋಗಿ ಮೂರು ದಿನವಾದರೂ ಊಟ ಇಲ್ಲ. ಇನ್ನು ಹದಿಮೂರು ದಿನ. ನಳಿಕೆಯ ಮಾತು ಯಾರೂ ಎತ್ತುವುದಿಲ್ಲ, ಆದರೆ ಇವರು ನಿದ್ದೆಯಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಾರೆ, ಹಳೆಯ ಗಾಯದ ಮೇಲೆ. ನೋಡಲಾರೆ.

ಬೆಳಿಗ್ಗೆ ಅತ್ತೆ ಜಪಮಣಿ ಚೀಲದೊಳಗೆ ಹಾಕಿ ನನ್ನೆದುರು ಬಂದು ನಿಂತರು.

"ಬೇರು ತೀರ್ಯಾವ?"

"ಇಲ್ಲತ್ಯಾ, ಇನ್ನೂ ಅವ."

"ತೀರ್ಯಾವ ಅಂತ ತಿಳಕೋ. ಸಿಂದಗಿಗೆ ಹೋಗಿ ಬಾ. ನೀ ಹೋಗಿ ಬಂದ ದಿವಸ ಅವ ಉಣ್ತಾನ. ಮನ್ಯಾಗ ಕುಂತ ದಿವಸ ಉಣ್ಣಂಗಿಲ್ಲ. ನಾ ನೋಡೀನಿ."

"ಹಂಗ್ಯಾಕ?"

"ನೀ ಮಾತಾಡ್ತೀ ಅಲ್ಲ, ಬಂದ ಮ್ಯಾಲ." ಇಷ್ಟು ಹೇಳಿ ದೇವರ ಮನೆಗೆ ಹೋದರು. ಮುದುಕಿಯ ಲೆಕ್ಕ ನನಗೆ ತಿಳಿಯಲಿಲ್ಲ. ಬೇರು ಹಳತಾಗಿ ಸತ್ವ ಹೋಗಿರಬಹುದು, ಹೊಸದು ತರುವುದು ಒಳ್ಳೆಯದೇ ಎಂದು ಹೊರಟೆ.

ಬಂದಗಿಸಾಬರ ಅಂಗಡಿಯಲ್ಲಿ ಅವರ ಹೆಂಡತಿ ರಹಿಮಾಬಿ ಕೂತಿದ್ದರು. ಅಜ್ಜ ಸಂತೆಗೆ ಹೋಗಿದ್ದರಂತೆ. "ಸಾರಿನ ಬಾಯಾರ ಅಂದ್ರ ನೀವಾ? ಬರ್ರಿ, ಕುಂದರ್ರಿ." ನನಗೆ ಅಲ್ಲಿ ಒಂದು ಹೆಸರು ಬಿದ್ದಿದೆ. ಎರಡು ತಾಸು ಕೂತೆ. ಬಾದಿಯಾನದ ಹೂವು, ತೇಜಪತ್ರೆ, ಕಬಾಬಚೀನಿ, ಒಂದೊಂದು ಖಾನೆ ಎಳೆದು ಮೂಸಿಸಿದರು. "ಇವು ಎಲ್ಲಿಂದ ಬರ್ತಾವೋ ಅಲ್ಲಾನ ಬಲ್ಲ. ಯಾವ ಯಾವ ದೇಶ ದಾಟಿ ಇಲ್ಲಿ ಬಂದು ಮಲಗ್ತಾವು. ಯಾರರ ಬಂದು ಎಬ್ಬಸೋತನಕ." ಮೂಗಿನೊಳಗೆ ಅಷ್ಟು ದೇಶ ತುಂಬಿಕೊಂಡು ಬಸ್ಸು ಹತ್ತಿದೆ. ತಾಳಿಕೋಟೆಯಲ್ಲಿ ಪಕ್ಕಕ್ಕೆ ಕೂತವಳಿಗೆ ಸೊಂಟನೋವಿಗೆ ಏನು ಮಾಡಬೇಕೆಂದು ನಾನೇ ಹೇಳಿಕೊಟ್ಟೆ. ನನ್ನ ಸೊಂಟ ಎಲ್ಲಿ ಹೋಯಿತೋ ನೆನಪಿರಲಿಲ್ಲ.

ಇವರಿಗೆ ಎಲ್ಲ ಹೇಳಿದೆ. ರಹಿಮಾಬಿಯವರ ಹಾಗೆ ಖಾನೆ ಎಳೆದು ತೋರಿಸಿದೆ. ಇವರು ನಕ್ಕರು, ನಕ್ಕಾಗ ದನಿ ಬಂತು. ಹೊಸ ಬೇರಿನ ಸಾರು ಪೂರ್ತಿ ಕುಡಿದರು, ಮೇಲೆ ಮೊಸರನ್ನ ಕೇಳಿದರು. ಹಾಗಾದರೆ ಬೇರಿನದೇ ದೋಷ.

ಫೆಬ್ರುವರಿ ೨೨, ಶನಿವಾರ

ಮತ್ತೆ ಇಂಡಿ. ಸುವರ್ಣಾಳಿಗೆ ಸಾರಿನ ಸುದ್ದಿ ಹೇಳಬೇಕಿತ್ತು. ತೂಕ ನಲವತ್ತೊಂಬತ್ತೂ ಕಾಲು. ಇವತ್ತು ಮಾವಿನ ಉಪ್ಪಿನಕಾಯಿ ನೆಕ್ಕಿ, "ಇದು ಹೋದ ವರ್ಷದ್ದು," ಎಂದರು. ಬೇಕು ಬೇಡಗಳು ಶುರುವಾದವು.

ಫೆಬ್ರುವರಿ ೨೮, ಶುಕ್ರವಾರ

ವಿಜಯಪುರ. ಐವತ್ತು ಕಿಲೊ ಇನ್ನೂರು ಗ್ರಾಂ.

ನಳಿಕೆ ಇಲ್ಲ. ಡಾಕ್ಟರು ಏನು ಕೊಡುತ್ತೀರಿ ಎಂದರು. ನಾನು ಸಾರು ಎಂದೆ. ಯಾವ ಸಾರು ಎಂದರು. ಹೇಳುತ್ತ ಹೋದೆ, ಹೊರಗೆ ಮಂದಿ ಕಾಯುತ್ತಿದ್ದಾರೆ ಎಂದು ನರ್ಸಮ್ಮ ನೆನಪಿಸಬೇಕಾಯಿತು. ಇವರು ಗೋಡೆಯ ಕಡೆ ನೋಡುತ್ತ ನಗುತ್ತಿದ್ದರು.

ಮಾರ್ಚ್ ೧, ಶನಿವಾರ

ಖುಷಿಗೆ ಇವತ್ತು ಒಂದು ಬಟ್ಟಲಲ್ಲ, ಮೂರು ಬಟ್ಟಲು ಮಾಡಿದೆ. ಇಲ್ಲಿಯವರೆಗೆ ಎಲೆ ಬೇರು ತೀರೀತೆಂದು ಇವರಿಗಷ್ಟೇ ಮಾಡುತ್ತಿದ್ದೆ. ನೈವೇದ್ಯವಾಯಿತು. ಮೂವರೂ ಒಟ್ಟಿಗೆ ಕೂತೆವು.

ಅತ್ತೆ ಒಂದು ಗುಟುಕು ಕುಡಿದರು. ಬಟ್ಟಲು ಕೆಳಗಿಟ್ಟರು. ಬೆಲ್ಲದ ಡಬ್ಬಿಗೆ ಕೈ ಹಾಕಿದರು.

ನಾನು ಕುಡಿದೆ.

ಕಹಿ. ಬೇವಿನ ಕಷಾಯವಾದರೂ ವಾಸಿ. ನಾಲಿಗೆಯಿಂದ ಗಂಟಲಿಗೆ, ಗಂಟಲಿನಿಂದ ಕಿವಿಗೆ ಕಹಿ ಏರಿತು. ಉಪ್ಪೂ ಎರಡು ಪಟ್ಟು. ಕೈ ತಪ್ಪುವುದಿಲ್ಲವೆಂದು ಬರೆದಿದ್ದೇನಲ್ಲ, ಹಿಂದಿನ ಪುಟದಲ್ಲಿ ಇನ್ನೂ ಇದೆ.

ಇವರನ್ನು ನೋಡಿದೆ. ಸಮಾಧಾನವಾಗಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ರುಚಿ ಇಲ್ಲದವರಿಗೆ ಕಹಿಯಾದರೇನು ಎಂದುಕೊಂಡೆ. ಅಷ್ಟರಲ್ಲಿ ಇವರ ಕೈ ತಾನಾಗಿ ಬೆಲ್ಲದ ಡಬ್ಬಿಯ ಕಡೆ ಹೋಯಿತು. ಬೇರೆ ಬೆಲ್ಲ. ಹೋದ ವರ್ಷದ ಉಪ್ಪಿನಕಾಯಿ. ಎಲ್ಲ ಒಟ್ಟಿಗೆ ನೆನಪಾದವು.

ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದೆ. ಗವತಿ ಚಹಾದ ಪೊದೆಯ ಹತ್ತಿರ ನಿಂತು ಅತ್ತುಬಿಟ್ಟೆ. ಸಿಟ್ಟೂ ಇತ್ತು. ಒಂದು ತಿಂಗಳು ಆ ಮನುಷ್ಯನಿಗೆ ದಿನಾ ವಿಷ ಕುಡಿಸಿದ್ದೇನೆ, ಇದೇ ಇದೇ ಎನ್ನುತ್ತ ಕುಡಿದಿದ್ದಾರೆ.

ಮಾರ್ಚ್ ೨, ಭಾನುವಾರ

ಬೆಳಿಗ್ಗೆ ಸ್ನಾನ ಮಾಡಿ ಒಲೆ ಹಚ್ಚಿದೆ. ಬೇರು ಎರಡೇ ಬಿಲ್ಲೆ, ಹತ್ತು ನಿಮಿಷ. ಎಲೆಯ ನಡುನರ ತೆಗೆದು, ಒಲೆ ಆರಿಸಿದ ಮೇಲೆ ಬಿಟ್ಟೆ. ಆಮೇಲೆ ದೇವರ ಮನೆಯ ಕಡೆ ಒಮ್ಮೆ ನೋಡಿದೆ, ಚಮಚದಿಂದ ಅಂಗೈಗೆ ಒಂದು ಹನಿ ಹಾಕಿಕೊಂಡೆ, ನಾಲಿಗೆಗೆ ಇಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಉಪ್ಪು ಸಾಲದು. ಒಂದು ಚಿಟಿಕೆ ಹಾಕಿ ಇನ್ನೊಂದು ಹನಿ. ಲಿಂಬೆ ಹಿಂಡಿ ಮತ್ತೊಂದು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗಿಂದ ನಿಂತಿದ್ದರೋ. ಅಂಗೈ ಮುಚ್ಚಿಕೊಂಡೆ.

"ಉಪ್ಪು ಸರಿ ಆತೇನು?" ಎಂದರು.

"ಆತು, ಅತ್ಯಾ."

"ಹಂಗಾರ ತಾ, ಇಡ್ತೀನಿ." ತುಳಸಿ ಕೀಳಲು ಹೋದರು.

ಇವರು ಮೊದಲ ಗುಟುಕಿಗೆ ಕುಡಿಯುವುದು ನಿಲ್ಲಿಸಿದರು. ನನ್ನನ್ನು ನೋಡಿದರು. ಪೂರ್ತಿ ಕುಡಿದು ಬಟ್ಟಲು ಇಟ್ಟರು. ಬೆಲ್ಲ ಕೇಳಲಿಲ್ಲ.

"ಯಾವಾಗಿಂದ ರುಚಿ ಗೊತ್ತಾಗ್ಲಿಕ್ಕತ್ತದ ನಿಮಗ?"

ಬಾಯಿ ಒರೆಸಿಕೊಂಡು ಹೇಳಿದರು. "ಮೊದಲ್ನೇ ಸಲ ನೀ ಇಂಡಿಯಿಂದ ಬಂದ್ಯಲ್ಲ, ಅವತ್ತಿನಿಂದ. ಮೊದಲ ಕಹಿನ ಬಂತು."

"ಹೇಳ್ಲಿಕ್ಕೆ ಏನಾಗಿತ್ತು?"

"ಹೇಳಿದ್ರ ನೀ ಮತ್ತ ಮನ್ಯಾಗ ಕೂಡ್ತಿದ್ದಿ."

ಕೂತರೆ ಏನಾಗುತ್ತಿತ್ತು ಎಂದು ಕೇಳಿದೆ. ಇವರು ಬಟ್ಟಲಿನ ತಳ ನೋಡುತ್ತ, "ಆದ್ರೂ ಇದರಾಗ ಏನೋ ಒಂದು ಕಡಿಮಿ ಅದ," ಎಂದರು. "ಒಂದು ಎಲಿ ಹಾಕ್ತಿದ್ಲು ಆಕಿ. ನೀ ಇನ್ನೂ ಬಾಗೇವಾಡಿ ಸಂತಿ ನೋಡಿಲ್ಲ."

ಕಳ್ಳನನ್ನು ಹಿಡಿದ ಮೇಲೂ ಕಳ್ಳತನ ಬಿಡಲೊಲ್ಲ. ನಗು ತಡೆಯಲಾಗಲಿಲ್ಲ. "ಈ ಸಲ ನೀವೂ ಬರ್ರಿ," ಎಂದೆ.

"ನನಗ ಟಿಕೀಟ ಬೀಳ್ತದ."

"ಬೀಳ್ಲಿ."

ಮಾರ್ಚ್ ೪, ಮಂಗಳವಾರ

ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಕಂಡಕ್ಟರ್ ಎರಡು ಟಿಕೆಟ್ ಕೊಟ್ಟ, ಒಂದು ಬಿಟ್ಟಿ, ಒಂದಕ್ಕೆ ದುಡ್ಡು. ಎರಡನ್ನೂ ನಾನೇ ಇಟ್ಟುಕೊಂಡಿದ್ದೇನೆ. ಕಿಟಕಿ ಇವರಿಗೆ ಕೊಟ್ಟೆ. ಮಫ್ಲರು ಕಿವಿಗೆ ಸುತ್ತಿಕೊಂಡು ಹೊರಗೆ ನೋಡುತ್ತಿದ್ದಾರೆ. ಜೋಳ ಕೊಯ್ದು ಹೊಲಗಳೆಲ್ಲ ಬಯಲಾಗಿವೆ, ದೂರದ ಬಿಸಿಲು ನೀರಿನ ಹಾಗೆ ಕಾಣುತ್ತದೆ.

ಹೂವಿನ ಹಿಪ್ಪರಗಿಯಲ್ಲಿ ಒಬ್ಬ ಮುದುಕಿ ಹತ್ತಿದಳು, ಬುಟ್ಟಿ ಕಾಲ ಬಳಿ ಇಟ್ಟು ನಮ್ಮ ಎದುರಿಗೇ ಕೂತಳು. ನಮ್ಮ ಖಾಲಿ ಚೀಲ ನೋಡಿ ಕೇಳಿದಳು. "ಬಾಗೇವಾಡಿಗೆ ಏನ್ ತರಾಕ ಹೊಂಟೀರಿ?"

ಇವರು "ಎಲಿ" ಎಂದರು. ಅದೇ ಹೊತ್ತಿಗೆ ನಾನು "ಬೇರು" ಎಂದೆ.

ಮುದುಕಿ ಇವರನ್ನು ನೋಡಿದಳು, ನನ್ನನ್ನು ನೋಡಿದಳು. "ಎರಡೂ ಸಿಗ್ತಾವ ತಗೋರಿ," ಎಂದು ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.